ಐದನೆಯವನು

ಡೋಟಾ-2 ಆಟದಲ್ಲಿ ನನ್ನ ರ‍್ಯಾಂಕ್ ಎರಡು ವರ್ಷ ಒಂದೇ ಕಡೆ ಕೂತಿತ್ತು. ಆರ್ಕಾನ್-2. ಕಾರಣ ಏನೆಂದು ಯಾರಾದರೂ ಕೇಳಿದ್ದರೆ ತಡಮಾಡದೆ ಹೇಳುತ್ತಿದ್ದೆ: ತಂಡದ ಉಳಿದ ನಾಲ್ವರು. ಆ ನಾಲ್ವರು ಹೆಚ್ಚುಕಡಿಮೆ ಪ್ರತಿ ಪಂದ್ಯಕ್ಕೂ ಬದಲಾಗುತ್ತಿದ್ದರು, ಬದಲಾಗದೆ ಉಳಿಯುತ್ತಿದ್ದವನು ನಾನು ಎಂಬುದು ಆಗ ಹೊಳೆದಿರಲಿಲ್ಲ. ಹೊಳೆದಿದ್ದರೂ ಒಪ್ಪುತ್ತಿರಲಿಲ್ಲ ಅನ್ನಿ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ವಾರ್‌ಕ್ರಾಫ್ಟ್-3 ಎಂಬ ಹಳೆಯ ಆಟದೊಳಗೆ ಅಭಿಮಾನಿಗಳು ಕಟ್ಟಿಕೊಂಡಿದ್ದ ಒಂದು ಮ್ಯಾಪ್‌ನಿಂದ ಹುಟ್ಟಿದ ಆಟ ಇದು. 2013ರಲ್ಲಿ ವಾಲ್ವ್ ಕಂಪನಿ ಇದನ್ನು ಡೋಟಾ-2 ಎಂದು ಬಿಡುಗಡೆ ಮಾಡಿತು. ಐವರ ಎದುರು ಐವರು. ನೂರಿಪ್ಪತ್ತಕ್ಕೂ ಹೆಚ್ಚು ಹೀರೋಗಳಲ್ಲಿ ಪ್ರತಿಯೊಬ್ಬರೂ ಒಂದನ್ನು ಆರಿಸಿಕೊಳ್ಳಬೇಕು. ಎದುರಾಳಿಯ ನೆಲೆಯಲ್ಲಿರುವ ಏನ್ಷಿಯೆಂಟ್ ಎಂಬ ಕಟ್ಟಡವನ್ನು ಮೊದಲು ಕೆಡವಿದವರು ಗೆದ್ದಂತೆ. ಪಂದ್ಯ ಮುಗಿಯಲು ಸುಮಾರು 40 ನಿಮಿಷ ಬೇಕು. ಐವರಿಗೂ 1ರಿಂದ 5ರವರೆಗೆ ಸ್ಥಾನಗಳಿವೆ. ಒಂದನೆಯವನು ಕ್ಯಾರಿ, ಸಾಲುಸಾಲಾಗಿ ಬರುವ ಕ್ರೀಪ್‌ಗಳನ್ನು ಕೊಂದು ಚಿನ್ನ ಕೂಡಿಸಿಕೊಂಡು, ಬಲಿತು, ಕೊನೆಗೆ ತಂಡವನ್ನು ಹೊತ್ತು ದಡ ಸೇರಿಸಬೇಕಾದವನು. ಐದನೆಯವನು ಸಪೋರ್ಟ್. ಇವನ ಪಾಲಿಗೆ ಚಿನ್ನ ಕಡಿಮೆ. ಮ್ಯಾಪಿನ ಕತ್ತಲ ಜಾಗಗಳಲ್ಲಿ ವಾರ್ಡ್ ನೆಡುವುದು (ಆರು ನಿಮಿಷ ಕಣ್ಣುಬಿಟ್ಟುಕೊಂಡಿರುವ ಒಂದು ಗೂಟ ಅಂದುಕೊಳ್ಳಿ), ಶತ್ರು ಎಲ್ಲಿದ್ದಾನೆಂದು ಎಲ್ಲರಿಗೂ ಕಾಣುವಂತೆ ಮಾಡುವುದು, ಒಂದನೆಯವನನ್ನು ಕಾಯುವುದು, ಬೇಕಾದರೆ ಅವನ ಬದಲು ತಾನು ಸಾಯುವುದು. ಈ ಕೆಲಸ ಯಾರಿಗೂ ಬೇಡ. ಎಷ್ಟು ಬೇಡವೆಂದರೆ, ಜನ ಒಲ್ಲದ ಸ್ಥಾನಗಳಲ್ಲಿ ಆಡಲು ಒಪ್ಪಿದವರಿಗೆ ಮುಂದೆ ತಮಗಿಷ್ಟದ ಸ್ಥಾನ ಆರಿಸಿಕೊಳ್ಳುವ ಅವಕಾಶ ಕೊಡುವ ಏರ್ಪಾಟನ್ನೇ ಆಟದೊಳಗೆ ಮಾಡಿದ್ದಾರೆ.

ನಾನು ಒಂದನೆಯವನು. ನನ್ನ ಚಿಕ್ಕಪ್ಪನ ಮಗ ಐದನೆಯವನು.

ನನಗಿಂತ ಏಳು ವರ್ಷ ಚಿಕ್ಕವನು. ಆಗ ಹಾಸನದಲ್ಲಿ ಡಿಗ್ರಿ ಓದುತ್ತಿದ್ದ. ನಾನು ಹಾಸ್ಟೆಲಿನಲ್ಲಿ ಪಿಎಚ್‌ಡಿಯ ಮೂರನೇ ವರ್ಷ ಕಳೆಯುತ್ತಿದ್ದೆ. ರಾತ್ರಿ ಹತ್ತರ ಮೇಲೆ ಡಿಸ್ಕಾರ್ಡ್‌ನಲ್ಲಿ ಸೇರುತ್ತಿದ್ದೆವು. ಅಣ್ಣ ಪಾಠ ಹೇಳಿಕೊಡುತ್ತಿದ್ದಾನೆ ಅಂತ ಚಿಕ್ಕಮ್ಮ ನಂಬಿದ್ದರು. ತಂಡದ ಉಳಿದ ಮೂವರು ಎಲ್ಲಿಯವರೋ ಏನೋ, ಅವರಿಗೆ ತಿಳಿಯದ ಕನ್ನಡದಲ್ಲಿ ನಮ್ಮಿಬ್ಬರ ಮಾತು ನಡೆಯುತ್ತಿತ್ತು. ನಾನು ಹೆಚ್ಚಾಗಿ ಆಡುತ್ತಿದ್ದ ಹೀರೋ ಜಗರ್ನಾಟ್. ಅವನು ಅದನ್ನು ಜಗನ್ನಾಥ ಎಂದೇ ಕರೆಯುತ್ತಿದ್ದ. ಪುರಿಯ ಜಗನ್ನಾಥನಿಂದಲೇ ಇಂಗ್ಲಿಷಿಗೆ ಆ ಪದ ಹೋದದ್ದು ಎಂದು ನಾನು ಹೇಳಿದ ಮೇಲಂತೂ, ಪಂದ್ಯ ಶುರುವಾಗುವ ಮುಂಚೆ "ತೇರು ಹೊರಡ್ಲಾ ಅಣ್ಣ?" ಎಂದು ಕೇಳುವುದು ರೂಢಿಯಾಯಿತು. ಅವನದು ಕ್ರಿಸ್ಟಲ್ ಮೇಡನ್, ಕುಂಟೆತ್ತಿಗಿಂತ ನಿಧಾನ ನಡೆಯುವ ಹೀರೋ. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಇ-ಸ್ಪೋರ್ಟ್ಸ್ ಚಾಂಪಿಯನ್‌ಶಿಪ್‌ನಲ್ಲಿ ಭಾರತದ ತಂಡ ಡೋಟಾ-2ರಲ್ಲಿ ಕಂಚು ಗೆದ್ದಾಗ, ನಮ್ಮಿಬ್ಬರಿಗೇ ಪದಕ ಬಂದ ಹಾಗೆ ಅವನು ಫೋನ್ ಮಾಡಿದ್ದ.

ನಮ್ಮ ಪದಕಗಳ ಏಣಿ ಬೇರೆ. ಹೆರಾಲ್ಡ್, ಗಾರ್ಡಿಯನ್, ಕ್ರುಸೇಡರ್, ಆರ್ಕಾನ್, ಲೆಜೆಂಡ್, ಏನ್ಷಿಯೆಂಟ್, ಡಿವೈನ್, ಕೊನೆಗೆ ಇಮ್ಮಾರ್ಟಲ್. ಕೊನೆಯದೊಂದನ್ನು ಬಿಟ್ಟು ಪ್ರತಿಯೊಂದಕ್ಕೂ ಐದು ನಕ್ಷತ್ರ. ಈ ಲೆಕ್ಕದ ಮೂಲ ಚದುರಂಗದಲ್ಲಿದೆ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅರ್ಪಾದ್ ಎಲೋ ರೂಪಿಸಿದ ಪದ್ಧತಿಯನ್ನು 1960ರಲ್ಲಿ ಅಮೆರಿಕದ ಚೆಸ್ ಒಕ್ಕೂಟವೂ 1970ರಲ್ಲಿ ಫಿಡೆಯೂ ಒಪ್ಪಿಕೊಂಡವು. ತನಗಿಂತ ಬಲಶಾಲಿಯನ್ನು ಸೋಲಿಸಿದರೆ ಹೆಚ್ಚು ಅಂಕ, ದುರ್ಬಲನಿಗೆ ಸೋತರೆ ಹೆಚ್ಚು ನಷ್ಟ. ಅದರ ತಿರುಳು ಇಷ್ಟೇ. ಡೋಟಾ 2023ರಿಂದ ಅದರ ಸುಧಾರಿತ ರೂಪವಾದ ಗ್ಲಿಕೋ ಪದ್ಧತಿ ಬಳಸುತ್ತದೆ. ಆದರೆ ಚೆಸ್ಸಿನಲ್ಲಿ ಸೋತವನು ಒಬ್ಬನೇ ಸೋಲುತ್ತಾನೆ. ಇಲ್ಲಿ ಐವರೂ ಒಟ್ಟಿಗೆ ಸೋಲಬೇಕು. ಇಡೀ ಪಂದ್ಯ ಹೋರಾಡಿದವನಿಗೂ, ಹದಿನೈದು ಸಲ ಸತ್ತವನಿಗೂ ಹೆಚ್ಚುಕಡಿಮೆ ಒಂದೇ ದಂಡ, ಸುಮಾರು 25 ಅಂಕ. ಈ ಅನ್ಯಾಯದಿಂದ ಹುಟ್ಟಿದ ಪದ "ಎಲೋ ನರಕ". ಯೋಗ್ಯತೆ ಇದ್ದೂ ಕೆಟ್ಟ ಜೊತೆಗಾರರಿಂದಾಗಿ ಕೆಳಗೇ ಸಿಕ್ಕಿಕೊಂಡವರ ಲೋಕ. ನಾನು ಅದರ ಖಾಯಂ ನಿವಾಸಿ ಎಂದು ನಂಬಿದ್ದೆ. ಹಾಸ್ಟೆಲಿನಲ್ಲಿ ನಾವು ನಾಲ್ಕೈದು ಜನ ಆಡುವವರಿದ್ದೆವು. ಎಲ್ಲರೂ ಆ ನರಕದವರೇ. ಹಾಗಾದರೆ ನಮ್ಮನ್ನು ಅಲ್ಲಿಗೆ ತಳ್ಳುತ್ತಿದ್ದವರು ಯಾರು ಅಂತ ಒಬ್ಬರೂ ಕೇಳಿಕೊಳ್ಳಲಿಲ್ಲ.

ಆ ರಾತ್ರಿ ಸತತ ಮೂರು ಸೋತಿದ್ದೆವು. ಮಾರನೆಯ ಬೆಳಿಗ್ಗೆ ಅವನಿಗೆ ಇಂಟರ್ನಲ್ಸ್ ಇತ್ತು. "ಅಣ್ಣ, ಸಾಕಲ್ವಾ?" ಅಂದ. "ಹೋಗಿದ್ದನ್ನ ವಾಪಸ್ ತಗೊಂಡು ಮಲಗೋಣ, ಒಂದೇ ಒಂದು" ಅಂದೆ. ನಾಲ್ಕನೆಯದನ್ನು ಗೆಲ್ಲುತ್ತಿದ್ದೆವು. 38ನೇ ನಿಮಿಷದಲ್ಲಿ ನಾನು ಮೇಲಿನ ಲೇನಿನಲ್ಲಿ ನದಿ ದಾಟಿ ಒಬ್ಬನೇ ಮುಂದೆ ಹೋಗಿ, ಮೂವರ ಕೈಗೆ ಸಿಕ್ಕಿ ಸತ್ತೆ. ಚಿನ್ನ ಕೊಟ್ಟು ತಕ್ಷಣ ಎದ್ದುಬರಲು ಕೈಯಲ್ಲಿ ಚಿನ್ನವಿರಲಿಲ್ಲ. ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ನಾನಿಲ್ಲದ ಮ್ಯಾಪಿನಲ್ಲಿ ಎದುರಾಳಿಗಳು ಬಂದು ಎರಡು ಲೇನ್ ಒಡೆದರು. 44ನೇ ನಿಮಿಷಕ್ಕೆ ಮುಗಿಯಿತು.

ಆಮೇಲೆ ನಾನು ಆಡಿದ ಮಾತುಗಳಲ್ಲಿ ಇಲ್ಲಿ ಬರೆಯಬಹುದಾದವು ಇವು: "ನಾನು ಸಾಯುವಾಗ ಎಲ್ಲಿದ್ಯೋ? ಸಪೋರ್ಟ್ ಮಾಡೋದು ಅಂದ್ರೆ ಇದೇನಾ? ನಿನ್ನ ಜೊತೆ ಆಡೀ ಆಡೀ ನನ್ನ ರ‍್ಯಾಂಕ್ ಎಕ್ಕುಟ್ಟೋಯ್ತು."

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. "ಸರಿ ಅಣ್ಣ, ಮಲಗ್ತೀನಿ" ಅಂದ. ಮಾರನೆಯ ದಿನ ಬರಲಿಲ್ಲ. ಪರೀಕ್ಷೆ ಇರಬೇಕು ಅಂದುಕೊಂಡೆ. ಒಂದು ವಾರವಾಯಿತು.

ಆ ಪಂದ್ಯದ ರಿಪ್ಲೇಯನ್ನು ನಾನು ಇಳಿಸಿಕೊಂಡದ್ದು ಕಲಿಯುವುದಕ್ಕಲ್ಲ. ಸಾಕ್ಷಿಗಾಗಿ. ಅವನು ಎಲ್ಲೋ ಸುಮ್ಮನೆ ನಿಂತಿರುವ ತುಣುಕೊಂದನ್ನು ಕತ್ತರಿಸಿ ಕಳಿಸಿ, ನೋಡು, ನಾನು ಹೇಳಿದ್ದು ಸುಳ್ಳಾ ಎಂದು ಕೇಳುವ ಉದ್ದೇಶ. ಡೋಟಾದಲ್ಲಿ ಮುಗಿದ ಪಂದ್ಯವನ್ನು ಯಾವ ಆಟಗಾರನ ಕಣ್ಣಿನಿಂದ ಬೇಕಾದರೂ ಮತ್ತೆ ನೋಡಬಹುದು. ಅವನ ಪರದೆಯಲ್ಲಿ ಆ ಕ್ಷಣ ಏನಿತ್ತೋ ಅದೇ ಕಾಣುತ್ತದೆ. ಮೊದಲು ಅವನ ಕಣ್ಣಿನಿಂದ ನೋಡಿದೆ. 36ನೇ ನಿಮಿಷದಲ್ಲಿ ಅವನು ಆ ನಿಧಾನದ ಹೆಜ್ಜೆಯಲ್ಲಿ ನದಿಯ ದಡಕ್ಕೆ ನಡೆದುಹೋಗಿ ಒಂದು ವಾರ್ಡ್ ನೆಟ್ಟು, ಮರಗಳ ಸಂದಿಯಿಂದ ವಾಪಸಾಗುತ್ತಾನೆ. ಆಮೇಲೆ ನನ್ನ ಕಣ್ಣಿನಿಂದ ನೋಡಿದೆ. ನಾನು ಸಾಯುವುದಕ್ಕೆ ಒಂಬತ್ತು ಸೆಕೆಂಡು ಮುಂಚೆ ಮೂಲೆಯ ಪುಟ್ಟ ಮ್ಯಾಪಿನಲ್ಲಿ ಮೂರು ಕೆಂಪು ಚುಕ್ಕಿಗಳು ಆ ವಾರ್ಡಿನ ಬೆಳಕಿಗೆ ಬೀಳುತ್ತವೆ. ನನ್ನ ಕಡೆಗೇ ನಡೆಯುತ್ತಿವೆ. ಒಂಬತ್ತು ಸೆಕೆಂಡು ಈ ಆಟದಲ್ಲಿ ಬಹಳ ಹೊತ್ತು. ಸ್ಕ್ರೋಲ್ ಬಳಸಿ ಮನೆ ಸೇರಿ ಇನ್ನೂ ಸಮಯ ಉಳಿಯುತ್ತದೆ. ನಾನು ಕ್ರೀಪ್ ಕಡಿಯುತ್ತಿದ್ದೇನೆ. ಇನ್ನೊಂದು ಸಾಲು ಬರುತ್ತದೆ, ಅದನ್ನೂ ಕಡಿಯುತ್ತೇನೆ. ಎದ್ದುಬರಲು ಚಿನ್ನ ಏಕಿರಲಿಲ್ಲ ಎಂಬುದೂ ಅಲ್ಲೇ ಇತ್ತು. ಒಂದು ನಿಮಿಷ ಮುಂಚೆ ಇದ್ದಬದ್ದದ್ದನ್ನೆಲ್ಲ ಸುರಿದು ಬಟರ್‌ಫ್ಲೈ ಕೊಂಡಿದ್ದೆ.

ನಮ್ಮ ಮಾತು ಡಿಸ್ಕಾರ್ಡ್‌ನಲ್ಲಿ ನಡೆದದ್ದರಿಂದ ರಿಪ್ಲೇಯಲ್ಲಿ ಇರುವುದಿಲ್ಲ. ಆದರೆ ನೋಡುತ್ತಾ ನೋಡುತ್ತಾ ನೆನಪಾಯಿತು: ಅವನು "ಅಣ್ಣ, ಬರ್ತಿದಾರೆ, ಬರ್ತಿದಾರೆ" ಅಂದಿದ್ದ. ನಾನು "ಒಂದು ವೇವ್ ಅಷ್ಟೇ" ಅಂದಿದ್ದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ವಿಷಯದಲ್ಲಿ ನೆಲ ನನ್ನ ತಮ್ಮನಾಗಿದ್ದ.

ತಕ್ಷಣ ಫೋನ್ ಮಾಡಿ ಹೇಳಿದೆ ಎಂದು ಬರೆಯಲು ಆಸೆ. ಮಾಡಲಿಲ್ಲ. ಬದಲಿಗೆ ಇನ್ನೂ ಹತ್ತು ಸೋಲುಗಳ ರಿಪ್ಲೇ ಇಳಿಸಿಕೊಂಡು, ಇದೊಂದೇ ಹೀಗೆ, ಉಳಿದವು ಹಾಗಿರಲಿಕ್ಕಿಲ್ಲ ಎಂಬ ಆಸೆಯಲ್ಲಿ ಒಂದೊಂದು ಸಾವನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದೆ. ಥೀಸಿಸ್ಸಿಗೆ ಅಷ್ಟು ಶಿಸ್ತಾಗಿ ಟಿಪ್ಪಣಿ ಮಾಡಿದ್ದಿಲ್ಲ. ಹತ್ತು ಪಂದ್ಯಗಳಲ್ಲಿ 68 ಸಲ ಸತ್ತಿದ್ದೆ. ಇದು ಖಂಡಿತ ಬೇರೆಯವರ ತಪ್ಪು ಎನ್ನಬಹುದಾದವು 11. ಇನ್ನೊಂದು ಸಂಗತಿಯೂ ಕಂಡಿತು. ಅರ್ಧ ನಿಮಿಷಕ್ಕೊಮ್ಮೆ ನಾಲ್ಕರಂತೆ ಮೊದಲ ಹತ್ತು ನಿಮಿಷದಲ್ಲಿ ಒಂದು ಲೇನಿಗೆ ಸುಮಾರು 80 ಕ್ರೀಪ್ ಬರುತ್ತವೆ. ಕೊನೆಯ ಏಟು ಕೊಟ್ಟವನಿಗೆ ಚಿನ್ನ. ನಾನು ಕೊಡುತ್ತಿದ್ದದ್ದು ಸರಾಸರಿ 38ಕ್ಕೆ. ಅಂದರೆ ತಂಡದವರು ನನ್ನನ್ನು ಹಾಳುಮಾಡುವ ಮುಂಚೆ, ಯಾರ ಅಡ್ಡಿಯೂ ಇಲ್ಲದೆ, ಅರ್ಧದಷ್ಟು ಚಿನ್ನವನ್ನು ನಾನೇ ನೆಲಕ್ಕೆ ಚೆಲ್ಲುತ್ತಿದ್ದೆ.

ಮುಂದಿನದು ಬೇಸರದ ಕೆಲಸ, ಬೇಗ ಹೇಳಿಬಿಡುತ್ತೇನೆ. ಯಾರೂ ಇಲ್ಲದ ಪ್ರಾಕ್ಟೀಸ್ ಮ್ಯಾಪಿನಲ್ಲಿ ದಿನಕ್ಕೆ ಹತ್ತು ನಿಮಿಷ ಕೊನೆಯ ಏಟು ಹೊಡೆಯುವುದು. ಹದಿನೈದು ಹೀರೋ ಬಿಟ್ಟು ಮೂರಕ್ಕೆ ನಿಲ್ಲುವುದು. ಸತತ ಎರಡು ಸೋತರೆ ಲ್ಯಾಪ್‌ಟಾಪ್ ಮುಚ್ಚುವುದು. ಇದು ಎಲ್ಲಕ್ಕಿಂತ ಕಷ್ಟದ್ದು, ಇವತ್ತಿಗೂ ಸರಿಯಾಗಿ ಬಂದಿಲ್ಲ. ಪಂದ್ಯದ ಮಧ್ಯೆ ಬೈಯುವವರನ್ನು ಮ್ಯೂಟ್ ಮಾಡುವುದು. ನಾನು ಬೈಯದಿರುವುದಕ್ಕೆ ಅಂಥ ಬಟನ್ ಇಲ್ಲದ್ದರಿಂದ ಕೆಲವು ತಿಂಗಳು ಮೈಕನ್ನೇ ಕಿತ್ತಿಟ್ಟಿದ್ದೆ.

ಹೆಚ್ಚು ಕಲಿಸಿದ್ದು ಬೇರೆ. ಆರು ವಾರ ಐದನೆಯವನಾಗಿ ಆಡಿದೆ. ಅಲ್ಲಿಂದ ಪಂದ್ಯವೇ ಬೇರೆ ಥರ ಕಾಣುತ್ತದೆ. ಕೈಯಲ್ಲಿ ಚಿನ್ನವಿರುವುದಿಲ್ಲ, ಇದ್ದ ಐವತ್ತು ನಾಣ್ಯಕ್ಕೆ ಬೂಟಿನ ಕಡೆಗೆ ಉಳಿಸುವುದೋ, ಶತ್ರುವಿನ ವಾರ್ಡ್ ಹುಡುಕುವ ಸೆಂಟ್ರಿ ತರುವುದೋ ಎಂಬ ಲೆಕ್ಕ. ವಾರ್ಡ್ ನೆಡಲು ಹೋಗುವ ದಾರಿಯೇ ಸಾಯುವ ದಾರಿ, ಯಾಕೆಂದರೆ ಕತ್ತಲಿರುವ ಕಡೆಯೇ ಅದನ್ನು ನೆಡಬೇಕು. ನೆಟ್ಟ ವಾರ್ಡನ್ನು ಒಂದನೆಯವನು ನೋಡುವುದಿಲ್ಲ. ಒಂದು ಪಂದ್ಯದಲ್ಲಿ ನಮ್ಮ ಕ್ಯಾರಿ ನಾನು ನೆಟ್ಟ ವಾರ್ಡಿನ ಪಕ್ಕದಲ್ಲೇ ನಿಂತುಕೊಂಡು, ವಾರ್ಡ್ ಎಲ್ಲಿ, ಸಪೋರ್ಟನ್ನು ರಿಪೋರ್ಟ್ ಮಾಡಿ ಎಂದು ಇಂಗ್ಲಿಷಿನಲ್ಲಿ ಟೈಪಿಸಿದ. ಟೈಪಿಸುತ್ತಿರುವಾಗಲೇ ಸತ್ತ. ನಗು ಬಂತು. ಆಮೇಲೆ, ನನ್ನ ತಮ್ಮ ಹೀಗೆ ಎರಡು ವರ್ಷ ನನ್ನ ಹಿಂದೆ ನಡೆದಿದ್ದಾನಲ್ಲ ಅನ್ನಿಸಿತು.

ಸಮಾಧಾನಕ್ಕೆ ಒಂದು ಲೆಕ್ಕವೂ ಇದೆ. ಪಂದ್ಯದಲ್ಲಿ ನನ್ನನ್ನು ಬಿಟ್ಟರೆ ಒಂಬತ್ತು ಜನ. ನನ್ನ ಕಡೆ ನಾಲ್ವರು, ಆ ಕಡೆ ಐವರು. ಕೆಟ್ಟ ಆಟಗಾರನೊಬ್ಬ ಬಂದು ಬೀಳುವ ಸಾಧ್ಯತೆ ಆ ಕಡೆಗೇ ಒಂದಿಷ್ಟು ಹೆಚ್ಚು, ನಾನು ಐದನೆಯ ಕೆಟ್ಟವನಾಗದಿದ್ದರೆ. ಆದರೆ ಈ ಲಾಭ ಹತ್ತಿಪ್ಪತ್ತು ಪಂದ್ಯಗಳಲ್ಲಿ ಕಾಣುವುದಿಲ್ಲ. ನೂರರಲ್ಲಿ 55 ಗೆದ್ದರೂ ಮುಂದೆ ಹೋಗುವುದು ಹತ್ತು ಗೆಲುವಿನಷ್ಟು, ಅಂದರೆ ಸುಮಾರು 250 ಅಂಕ. ಒಂದು ಪದಕದಿಂದ ಇನ್ನೊಂದಕ್ಕೆ 770 ಅಂಕ. ಮುನ್ನೂರು ಪಂದ್ಯ, ಇನ್ನೂರು ಗಂಟೆ. ಇನ್ನೂರು ಗಂಟೆಯಲ್ಲಿ ಇನ್ನೇನು ಮಾಡಬಹುದಿತ್ತು ಎಂದು ನನ್ನ ಗೈಡ್ ಈ ಪ್ರಬಂಧ ಓದಿದರೆ ಹೇಳುತ್ತಾರೆ, ಓದದಿರಲಿ.

ಒಂದು ವರ್ಷದ ಮೇಲೆ ಲೆಜೆಂಡ್-1 ತಲುಪಿದೆ. ಪರದೆಯ ಮೇಲೆ ಹೊಸ ಪದಕ ಮೂಡಿದಾಗ ರಾತ್ರಿ ಒಂದೂವರೆ. ತೋರಿಸೋಣವೆಂದರೆ ಪಟ್ಟಿಯಲ್ಲಿ ಅವನ ಹೆಸರು ಬೂದು ಬಣ್ಣದಲ್ಲಿತ್ತು.

ಕಳೆದ ಗೌರಿ ಹಬ್ಬಕ್ಕೆ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಅವನು ಈಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ, ಹಬ್ಬಕ್ಕೆಂದು ಬಂದಿದ್ದ. ಈ ನಡುವೆ ಫೋನಿನಲ್ಲಿ ಮಾತಾಡಿಕೊಂಡೇ ಇದ್ದೆವು, ಆಟದ ವಿಷಯವೊಂದನ್ನು ಬಿಟ್ಟು. ಮಹಡಿಯ ಮೇಲೆ ಕೂತಾಗ ಆಟ ಆಡ್ತೀಯಾ ಎಂದು ಕೇಳಿದೆ. "ಫೋನಲ್ಲಿ ಬಿಜಿಎಂಐ ಆಡ್ತೀನಿ ಅಣ್ಣ. ಮೈಕ್ ಆಫ್ ಮಾಡ್ಕೊಂಡು" ಅಂದ.

ಆ ರಿಪ್ಲೇ ತೋರಿಸೋಣ ಎಂದು ಲ್ಯಾಪ್‌ಟಾಪ್ ತಂದಿದ್ದೆ. ಅಷ್ಟರಲ್ಲಿ ಆಟಕ್ಕೆ ಎಷ್ಟೋ ಹೊಸ ಪ್ಯಾಚ್‌ಗಳು ಬಂದಿದ್ದವು. ಹಳೆಯ ಫೈಲು ತೆರೆಯಲೇ ಇಲ್ಲ. ಬಾಯಲ್ಲೇ ಹೇಳಬೇಕಾಯಿತು. "ಆವತ್ತು ಒಂದು ಮ್ಯಾಚಲ್ಲಿ ನಿನಗೆ ತುಂಬಾ ಬೈದಿದ್ನಲ್ಲ. ಆಮೇಲೆ ನೋಡಿದೆ. ತಪ್ಪು ನಂದು."

"ಯಾವ ಮ್ಯಾಚೋ ನೆನಪಿಲ್ಲ ಬಿಡಣ್ಣ" ಅಂದ. ಕಾಫಿ ಲೋಟ ಕೆಳಗಿಟ್ಟು, ಸ್ವಲ್ಪ ತಡೆದು, "ಬಟರ್‌ಫ್ಲೈ ತಗೊಂಡ ಮ್ಯಾಚಲ್ವಾ? ಮೇಲಿನ ಲೇನು" ಅಂದ.

ಹೌದು ಅಂದೆ.

"ನೀನು ಬೈಯೋಕೆ ಮುಂಚೆನೇ ನಾನು ಸಾರಿ ಅಂದಿದ್ದೆ. ಕೇಳಿಸ್ತಾ ನಿನಗೆ?"

ಕೇಳಿಸಿರಲಿಲ್ಲ. ಕೆಳಗಿನಿಂದ ಚಿಕ್ಕಮ್ಮ, "ಇನ್ನೂ ಪಾಠನೇನ್ರೋ? ಊಟಕ್ಕೆ ಬನ್ನಿ" ಎಂದು ಕೂಗಿದರು. ಅವನು ನಗುತ್ತಾ ಎದ್ದು ಲೋಟ ತೆಗೆದುಕೊಂಡು ಇಳಿದ. ನಾನು ಲ್ಯಾಪ್‌ಟಾಪ್ ಮುಚ್ಚಿ ಅವನ ಹಿಂದೆ ಹೋದೆ.