ಉಪ್ಪು ನೀರಿನ ಲೆಕ್ಕ

ಹುಬ್ಬಳ್ಳಿ-ಧಾರವಾಡದ ಹುಡುಗರಿಗೆ ಗಾಳ ಹೊಸದೇನಲ್ಲ. ಉಣಕಲ್ ಕೆರೆಯ ದಂಡೆಯಲ್ಲೋ ಕೆಲಗೇರಿ ಕೆರೆಯ ಏರಿಯ ಮೇಲೋ ಬಿದಿರು ಕೋಲಿಗೆ ನೈಲಾನ್ ದಾರ ಕಟ್ಟಿ, ಎರೆಹುಳ ಸಿಕ್ಕಿಸಿ, ಅಭ್ಯಾಸದ ಚಿಂತೆ ಬಿಟ್ಟು ಕುಳಿತವರು ಬಹಳ ಮಂದಿ. ಅದು ಹತ್ತಿಪ್ಪತ್ತು ರೂಪಾಯಿಯ ಸಾಮಾನು. ಕಳೆದರೆ ಇನ್ನೊಂದು ಕೋಲು ಕಡಿದರಾಯಿತು. ಆದರೆ ಅದೇ ಹುಡುಗ ಘಟ್ಟ ಇಳಿದು ಉಪ್ಪು ನೀರಿನಲ್ಲಿ ಗಾಳ ಹಾಕುತ್ತೇನೆಂದು ಹೊರಟರೆ ಮನೆಯ ಲೆಕ್ಕವೇ ಬೇರೆಯಾಗುತ್ತದೆ.

ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿರುವವರೊಬ್ಬರ ಮನೆಯಲ್ಲಿ ಇಂಥದೊಂದು ಲೆಕ್ಕ ಒಂದು ತಿಂಗಳು ನಡೆಯಿತು. ಮಗ ಡಿಪ್ಲೊಮಾ ಎರಡನೆಯ ವರ್ಷದ ವಿದ್ಯಾರ್ಥಿ. ತಾಯಿಯ ತವರು ಅಂಕೋಲೆಯ ಮಂಜಗುಣಿ. ಅಲ್ಲಿ ಸೋದರಮಾವನಿಗೆ ಒಂದು ಪಾತಿ ದೋಣಿಯಿದೆ. ಮಾವನ ಮಗ ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟು ಹಳೆಯದಾದ ಪ್ಲಾಸ್ಟಿಕ್ ಕಯಾಕ್ ಒಂದನ್ನು ಅಗ್ಗಕ್ಕೆ ತಂದಿಟ್ಟುಕೊಂಡಿದ್ದ. ಒಬ್ಬರೇ ಕುಳಿತು ಎರಡು ಕಡೆಗೂ ಹುಟ್ಟು ಹಾಕುವ ಕಿರಿದಾದ ದೋಣಿ ಅದು. ರಜೆಯಲ್ಲಿ ಅದರ ಮೇಲೆ ಕುಳಿತು ಬಂದ ಹುಡುಗನಿಗೆ ಹಗಲೂ ರಾತ್ರಿ ಅದೇ ಧ್ಯಾನ. ಎರಡು ಬೇಸಿಗೆ ರಜೆ ಝೆರಾಕ್ಸ್ ಅಂಗಡಿಯಲ್ಲಿ ದುಡಿದು ಅವನು ಏಳು ಸಾವಿರ ರೂಪಾಯಿ ಕೂಡಿಸಿದ್ದ. ಅದರಲ್ಲಿ ಆರು ಸಾವಿರ ಒಂದು ರೀಲಿಗೇ ಹೋಗಬೇಕೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದ. ಅಲ್ಯುಮಿನಿಯಂ ಮೈ, ಕೆಂಪು ಅಂಚು, ಒಳಗೆ ಹತ್ತು ಬೇರಿಂಗು. ಮೊಬೈಲಿನಲ್ಲಿ ಅದರ ಚಿತ್ರವನ್ನು ಎಷ್ಟು ಸಲ ನೋಡಿದ್ದನೋ!

ತಂದೆ ಚಿತ್ರ ನೋಡಿದರು. ಬೇಡವೆನ್ನಲಿಲ್ಲ. "ಲೇ ತಮ್ಮಾ, ಬೇರಿಂಗ ಎಷ್ಟ ಅದಾವ ಅನ್ನೂದ ಆಮ್ಯಾಲ. ಅವುಕ್ಕ ನೀರ ಹೋಗದಂಗ ಏನ ಮಾಡ್ಯಾರ, ಅದನ್ನ ಮೊದಲ ಕೇಳು" ಎಂದರು, ಅಷ್ಟೇ.

ಹುಡುಗನಿಗೆ ಇದರ ಉತ್ತರ ಗೊತ್ತಿರಬೇಕಿತ್ತು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಕರಗಿರುತ್ತದೆ. ಉಪ್ಪು ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುತ್ತದೆ. ಬೇರೆ ಬೇರೆ ಎರಡು ಲೋಹಗಳು ತಾಗಿಕೊಂಡಿರುವಲ್ಲಿ ಈ ನೀರು ನಿಂತರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ಹುಟ್ಟಿ, ಎರಡರಲ್ಲಿ ದುರ್ಬಲವಾದ ಲೋಹ ಸವೆಯುತ್ತ ಹೋಗುತ್ತದೆ. ಬಣ್ಣ ಕೆರೆದುಹೋದ ಅಲ್ಯುಮಿನಿಯಂಗೆ ಉಕ್ಕಿನ ಸ್ಕ್ರೂ ತಾಗಿದ ಜಾಗದಲ್ಲಿ ಬಿಳಿ ಪುಡಿ ಏಳುವುದು ಇದರಿಂದಲೇ. ಮೊದಲ ವರ್ಷದ ರಸಾಯನಶಾಸ್ತ್ರದ ಪರೀಕ್ಷೆಯಲ್ಲಿ ಅವನು ಇದನ್ನೇ ಚಿತ್ರ ಸಹಿತ ಬರೆದು ಅಂಕ ಗಳಿಸಿದ್ದ. ಅಂಗಡಿಯ ಗಾಜಿನ ಮುಂದೆ ನಿಂತಾಗ ಮಾತ್ರ ಅದು ನೆನಪಾಗಲಿಲ್ಲ. ಪಾಠ ಒಂದು ಕಡೆ, ಆಸೆ ಇನ್ನೊಂದು ಕಡೆ ಇರುವುದು ಆ ವಯಸ್ಸಿನಲ್ಲಿ ಸಹಜವೇ.

ಕಯಾಕಿನಲ್ಲಿ ಈ ತೊಂದರೆ ಹೆಚ್ಚು. ದೊಡ್ಡ ದೋಣಿಯಲ್ಲಿ ನಿಂತವನ ಕೈಯ ರೀಲು ನೀರಿನಿಂದ ನಾಲ್ಕು ಅಡಿ ಮೇಲಿದ್ದರೆ, ಕಯಾಕಿನಲ್ಲಿ ಕುಳಿತವನದು ಒಂದು ಗೇಣಿನಷ್ಟೇ ಮೇಲೆ. ಪ್ರತಿ ಅಲೆಯೂ ಅದಕ್ಕೆ ಸ್ನಾನ ಮಾಡಿಸುತ್ತದೆ. ಆದ್ದರಿಂದ ತುಕ್ಕು ಹಿಡಿಯದ ಮೈ, ನೀರು ತಡೆಯುವ ಮುಚ್ಚಳವಿರುವ ನಾಲ್ಕೈದು ಸ್ಟೇನ್‌ಲೆಸ್ ಬೇರಿಂಗು ಇದ್ದರೆ ಸಾಕು. ಬರಿಯ ಹತ್ತು ಬೇರಿಂಗಿಗಿಂತ ಅದೇ ಮೇಲು.

ತಾಯಿ ಇಷ್ಟು ದಿನವೂ ರೊಟ್ಟಿ ಬಡಿಯುತ್ತ ಸುಮ್ಮನೆ ಕೇಳುತ್ತಿದ್ದರು. ಒಂದು ರಾತ್ರಿ ಮಾತಾಡಿದರು. ಅವರ ಚಿಕ್ಕಪ್ಪ ಒಂದು ಮಳೆಗಾಲ ಪಾತಿ ತೆಗೆದುಕೊಂಡು ಅಳಿವೆಗೆ ಹೋದವರು ತಿರುಗಿ ಬರಲಿಲ್ಲ. ಹೊಳೆಯ ನೀರು ರಭಸದಿಂದ ಇಳಿಯುತ್ತಿದ್ದಾಗ ಎದುರಿನಿಂದ ಕಡಲ ಅಲೆ ಎದ್ದಿತ್ತು. ಈಜು ಬಾರದವರೇನಲ್ಲ ಅವರು, ಊರಿಗೇ ಈಜು ಕಲಿಸಿದವರು. ಈ ಕಥೆಯನ್ನು ಹುಬ್ಬಳ್ಳಿಯ ಮನೆಯಲ್ಲಿ ಅವರು ಹೇಳಿದ್ದು ಅದೇ ಮೊದಲು. "ರೊಕ್ಕ ನಿಂದು, ನಾ ಬ್ಯಾಡ ಅನ್ನೂದಿಲ್ಲ. ಆದರ ಮೊದಲ ಲೈಫ್ ಜಾಕೆಟ್ ತಗೋ. ಉಳಿದ ರೊಕ್ಕದಾಗ ಏನ ಬರತೈತಿ ಅದನ್ನ ತಗೋ" ಎಂದರು. ಹುಡುಗ ಮರುಮಾತಾಡಲಿಲ್ಲ.

ಹೀಗೆ ಪಟ್ಟಿ ತಲೆಕೆಳಗಾಯಿತು. ಮೊದಲ ಸಾಲಿನಲ್ಲಿ ಲೈಫ್ ಜಾಕೆಟ್ಟಿಗೆ ಒಂದೂವರೆ ಸಾವಿರ. ರೀಲಿಗೆ ಎರಡು ಸಾವಿರದ ನಾಲ್ಕುನೂರು: 4000 ಅಳತೆಯದು, ಗ್ರಾಫೈಟ್ ಮೈಯದು. ಬಂಗಡೆ, ನೊಗಲಿಗೆ ಅದು ಹೆಚ್ಚೇ ಆಯಿತು, ನಾಳೆ ಒಂದು ಮರಿ ಇಸ್ವಾಣ ಕಚ್ಚಿದರೂ ತಡೆದೀತು. ಕೋಲಿಗೆ ಸಾವಿರದ ಎಂಟುನೂರು. ಗ್ರಾಫೈಟ್ ಕೋಲು ಹಗುರ, ಆದರೆ ದೋಣಿಯ ಅಂಚಿಗೆ ಬಡಿದು ಒಂದು ಗೆರೆ ಬಿದ್ದರೂ ಮುಂದೊಂದು ದಿನ ಅಲ್ಲೇ ಮುರಿಯುತ್ತದೆ. ಫೈಬರ್‌ಗ್ಲಾಸಿನದು ತುಸು ಭಾರ, ಪೆಟ್ಟು ತಾಳುತ್ತದೆ. ಹೊಸಬನಿಗೆ ಅದೇ ಸರಿ. ಉದ್ದ ಏಳು ಅಡಿ. ಅದಕ್ಕಿಂತ ಗಿಡ್ಡವಾದರೆ ಮೀನು ಕಯಾಕಿನ ಮೂತಿಯನ್ನು ಸುತ್ತಿ ಇನ್ನೊಂದು ಬದಿಗೆ ಓಡಿದಾಗ ದಾರವನ್ನು ತಿರುಗಿಸಿ ತರಲಾಗದು. ಬಹಳ ಉದ್ದವಾದರೆ ಮೀನು ಕೈಗೆಟಕದು. ಕುಳಿತು ಹಿಡಿಯುವುದರಿಂದ ಹಿಡಿಕೆ ಗಿಡ್ಡವಿರಬೇಕು, ಇಲ್ಲದಿದ್ದರೆ ಜಾಕೆಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಎರಡು ತುಂಡಾಗಿ ಬಿಚ್ಚುವಂತಿದ್ದರೆ ಬಸ್ಸಿನಲ್ಲಿ ಒಯ್ಯಲು ಅನುಕೂಲ. ಇನ್ನು ಒಂಬತ್ತು ಕಿಲೋ ತಾಳುವ ಹೆಣೆದ ದಾರ, ಗಾಳ, ಗುಂಡು, ಕೋಲು ನೀರಿಗೆ ಬಿದ್ದರೆ ಹೋಗದಂತೆ ದೋಣಿಗೆ ಕಟ್ಟುವ ಹಗ್ಗ, ಎಲ್ಲ ಸೇರಿ ಸಾವಿರ. ಮುನ್ನೂರು ರೂಪಾಯಿ ಉಳಿಯಿತು, ಬಸ್ಸಿನ ಖರ್ಚಿಗೆ.

ರೀಲಿನ ಡ್ರ್ಯಾಗ್ ಎಂಬ ತಿರುಪನ್ನು ಹೊಂದಿಸಿದ್ದು ತಂದೆಯೇ. ಮೀನು ಜೋರಾಗಿ ಎಳೆದಾಗ ದಾರ ಹರಿಯದೆ ಬಿಚ್ಚಿಕೊಳ್ಳುತ್ತ ಹೋಗಲೆಂದು ಇರುವ ವ್ಯವಸ್ಥೆ ಅದು. ದಾರ ತಾಳುವ ಭಾರದ ಮೂರರಲ್ಲೊಂದು ಪಾಲಿಗಿಂತ ಅದನ್ನು ಹೆಚ್ಚು ಬಿಗಿ ಮಾಡಬಾರದು. ತಂದೆ ದಾರದ ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದರು. ಮುಳ್ಳು ಮೂರು ಕಿಲೋ ತೋರಿಸುತ್ತಲೇ ದಾರ ಕಿರ್ರೆಂದು ಬಿಚ್ಚಿಕೊಂಡಿತು. "ಬಿಗಿ ಹಿಡಿಯೂದಷ್ಟ ಅಲ್ಲ, ಬಿಡೂದೂ ಗೊತ್ತಿರಬೇಕ" ಎಂದು ನಕ್ಕರು.

ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಹುಡುಗ ಹೊರಟ. ಕಲಘಟಗಿ, ಯಲ್ಲಾಪುರ, ಅರಬೈಲು ಘಟ್ಟ ದಾಟಿ ಬಸ್ಸು ಅಂಕೋಲೆ ಸೇರಿತು. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯ ನೀರೂ ಬೇಡ್ತಿಯನ್ನು ಕೂಡಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಲ್ಲಿ ಇದೇ ಮಂಜಗುಣಿಯ ಬಳಿ ಕಡಲಿಗೆ ಸೇರುತ್ತದೆ. ಮಾವ ಅವನನ್ನು ಅಳಿವೆಯಿಂದಾಚೆ ಬಿಡಲಿಲ್ಲ. ಹೊಳೆಯ ಒಳಗೇ, ಭರತ ಏರುವ ಹೊತ್ತಿನಲ್ಲಿ, ತನ್ನ ಪಾತಿಯನ್ನು ಪಕ್ಕದಲ್ಲೇ ಇಟ್ಟುಕೊಂಡು ಗಾಳ ಹಾಕಿಸಿದರು. ಎರಡು ದಿನಕ್ಕೆ ಐದು ನೊಗಲಿ ಸಿಕ್ಕವು. ಐದನೆಯದನ್ನು ಹಿಡಿದ ಹುಡುಗನ ಮುಖ ನೋಡಿದವರು ಅದು ಇಸ್ವಾಣವೇ ಎಂದುಕೊಳ್ಳಬೇಕು!

ತಪ್ಪಿದ್ದು ಊರಿಗೆ ಮರಳಿದ ಮೇಲೆ. ರಾತ್ರಿ ಬಸ್ಸಿಳಿದು ಬಂದವನು ಚೀಲವನ್ನು ಮಂಚದ ಕೆಳಗೆ ತಳ್ಳಿ ಮಲಗಿದ. ಮರುದಿನ ಕಿರುಪರೀಕ್ಷೆ. ಅದರ ಮರುದಿನ ಪ್ರಾಕ್ಟಿಕಲ್. ಐದನೆಯ ದಿನ ತೆಗೆದು ನೋಡಿದರೆ ರೀಲಿನ ಮೇಲೆಲ್ಲ ಉಪ್ಪಿನ ಬಿಳಿ ಪೊರೆ. ದಾರ ಹಾಯುವ ಪುಟ್ಟ ಗಾಲಿ ತಿರುಗದೆ ಕಚ್ಚಿಕೊಂಡಿತ್ತು. ಎರಡು ಬೇಸಿಗೆಯ ದುಡಿಮೆ ಕೈಯಲ್ಲಿ ಕರಕರ ಎನ್ನುತ್ತಿತ್ತು. ಅವನ ಕಣ್ಣು ತುಂಬಿತು.

ತಂದೆ ಬೈಯಲಿಲ್ಲ. ಹಳೆಯ ಪತ್ರಿಕೆ ಹಾಸಿ, ಮಗನಿಂದಲೇ ಒಂದೊಂದು ಸ್ಕ್ರೂ ಬಿಚ್ಚಿಸಿ, ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಿಸಿದರು. ಕೆಟ್ಟದ್ದು ಒಂದೇ ಬೇರಿಂಗು. ಅದೇ ಅಳತೆಯದು ಊರಿನ ಬೇರಿಂಗ್ ಅಂಗಡಿಯಲ್ಲಿ ಸಿಕ್ಕಿತು. "ಆರು ಸಾವಿರದ್ದಿದ್ದರೂ ಐದ ದಿನದಾಗ ಹಿಂಗ ಆಗತಿತ್ತು. ಉಪ್ಪಿಗೇನ ರೇಟ್ ಗೊತ್ತಾಗತೈತೇನ?" ಎಂದರು.

ಅಂದಿನಿಂದ ಒಂದು ನಿಯಮವಾಯಿತು. ದಡಕ್ಕೆ ಬಂದ ದಿನವೇ ಡ್ರ್ಯಾಗ್ ಬಿಗಿ ಮಾಡಿ ರೀಲಿನ ಮೇಲೆ ಸಿಹಿನೀರನ್ನು ಮೆಲ್ಲಗೆ ಚಿಮುಕಿಸಬೇಕು. ಪೈಪಿನಿಂದ ರಭಸವಾಗಿ ಬಿಟ್ಟರೆ ಉಪ್ಪು ಒಳಕ್ಕೆ ನುಗ್ಗುತ್ತದೆ, ಬಕೆಟ್ಟಿನಲ್ಲಿ ಮುಳುಗಿಸಲೂ ಬಾರದು. ಒರೆಸಿ, ನೆರಳಲ್ಲಿ ಆರಿಸಿ, ಗಾಲಿಗೂ ಹಿಡಿಕೆಗೂ ಒಂದೊಂದು ಹನಿ ಎಣ್ಣೆ ಬಿಟ್ಟು, ಡ್ರ್ಯಾಗ್ ಸಡಿಲಿಸಿ ಇಡಬೇಕು. ಕೋಲಿನ ಉಂಗುರಗಳನ್ನೂ ತೊಳೆಯಬೇಕು. ಹತ್ತು ನಿಮಿಷದ ಕೆಲಸ. ಅಂಗಡಿಯ ಬೆಲೆಚೀಟಿಯಲ್ಲಿ ಈ ಹತ್ತು ನಿಮಿಷವನ್ನು ಯಾರೂ ಬರೆದಿರುವುದಿಲ್ಲ. ಸೈಕಲ್ಲಿಗಾಗಲಿ ಮೊಬೈಲಿಗಾಗಲಿ ಮಕ್ಕಳು ಹಟ ಹಿಡಿದಾಗ ಕೊಳ್ಳುವ ಹಣವನ್ನಷ್ಟೇ ಎಣಿಸುತ್ತೇವೆ. ಕಾಪಾಡುವ ಶ್ರಮವನ್ನೂ ಕೂಡಿಸಿ ಹೇಳಿದರೆ ಮಕ್ಕಳೇ ಸರಿಯಾದ ಲೆಕ್ಕ ಹಾಕುತ್ತಾರೆ.

ಮೀನು ಹಿಡಿಯಲು ಹೋದವನು ಈಗ ಮಂಜಗುಣಿಯಲ್ಲೇ ಬಾವಿ ನೀರಿನಲ್ಲಿ ರೀಲು ತೊಳೆದು ಬರುತ್ತಾನೆ. ಆದರೂ ಊರಿಗೆ ಬಂದ ಮೇಲೆ ಇನ್ನೊಮ್ಮೆ ತೊಳೆಯದಿದ್ದರೆ ಅವನಿಗೆ ಸಮಾಧಾನವಿಲ್ಲ. ಅವರ ಓಣಿಗೆ ನಳ ಬರುವುದು ವಾರಕ್ಕೊಮ್ಮೆ. ಆ ದಿನ ತಾಯಿ ತುಂಬಿಡುವ ಕೊಡಗಳ ಸಾಲಿನ ಕೊನೆಯಲ್ಲಿ ಒಂದು ತಂಬಿಗೆ ಬೇರೆಯಾಗಿಯೇ ಇರುತ್ತದೆ. ಮನೆಯಲ್ಲಿ ಯಾರೂ ಅದನ್ನು ಮುಟ್ಟುವುದಿಲ್ಲ.