ಆ 12 ದಿನಗಳು

ಐವಿಎಫ್ ಅಂದ ತಕ್ಷಣ ಎಲ್ಲರೂ ಕೇಳೋದು ಎರಡೇ ಪ್ರಶ್ನೆ. ಖರ್ಚೆಷ್ಟು? ಇಂಜೆಕ್ಷನ್ ತುಂಬಾ ನೋಯುತ್ತಾ? ಖರ್ಚಿದೆ, ನೋವೂ ಇದೆ. ಆದರೆ ನನ್ನನ್ನು ಹಣ್ಣು ಮಾಡಿದ್ದು ಬೇರೆಯೇ.

ಸಾಮಾನ್ಯವಾಗಿ ತಿಂಗಳಿಗೆ ಒಂದೇ ಅಂಡಾಣು ಬಲಿಯುತ್ತದೆ. ಈ ಚಿಕಿತ್ಸೆಗೆ ಹಲವು ಒಟ್ಟಿಗೆ ಬೇಕು. ಅದಕ್ಕೆ 10 ದಿನ ಹೊಟ್ಟೆಗೆ ನಾನೇ ಚುಚ್ಚಿಕೊಂಡೆ. ಇಂಜೆಕ್ಷನ್ ಪೆನ್ನು ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಪಕ್ಕ ಇರುತ್ತಿತ್ತು. ಹೊಟ್ಟೆ ಉಬ್ಬಿ ಜೀನ್ಸ್ ಗುಂಡಿ ಹಾಕೋಕಾಗ್ತಿರಲಿಲ್ಲ. ಕೊನೆಯ ಇಂಜೆಕ್ಷನ್ ರಾತ್ರಿ 10ಕ್ಕೆ ಸರಿಯಾಗಿ ಬೀಳಬೇಕು. ಸುಮಾರು 36 ಗಂಟೆಯ ನಂತರ ಅಂಡಾಣು ಹೊರತೆಗೆಯುತ್ತಾರೆ. ಆ ಹೊತ್ತಿಗೆ ಕ್ಲೈಂಟ್ ಕಾಲ್ ಇತ್ತು. ಕ್ಯಾಮೆರಾ ಆಫ್ ಮಾಡಿ ಚುಚ್ಚಿಕೊಂಡು ಮಾತು ಮುಂದುವರಿಸಿದೆ.

ತೊಂದರೆ ಇದ್ದದ್ದು ಗಂಡನ ವೀರ್ಯಾಣು ಸಂಖ್ಯೆಯಲ್ಲಿ, ಸೂಜಿ ಮಾತ್ರ ನನಗೆ. ಅದನ್ನವನು ಮುಚ್ಚಿಡಲಿಲ್ಲ. ಮದುವೆಮನೆಯಲ್ಲಿ ಅವನ ಚಿಕ್ಕಮ್ಮ ‘ಏನಮ್ಮಾ, ಇನ್ನೂ ವಿಶೇಷ ಇಲ್ವಾ?’ ಅಂದಾಗ, ‘ತೊಂದರೆ ನನ್ನಲ್ಲಿದೆ ಚಿಕ್ಕಮ್ಮ, ಅವಳನ್ನ ಕೇಳ್ಬೇಡಿ’ ಅಂದ. ಆಮೇಲೆ ಯಾರೂ ಕೇಳಲಿಲ್ಲ.

ಲೆಕ್ಕ ಇಳಿಯುತ್ತಾ ಹೋಯಿತು. ಅಂಡಾಣು 11, ಭ್ರೂಣವಾದದ್ದು 7, ಐದನೇ ದಿನಕ್ಕೆ ಉಳಿದದ್ದು 3. ಒಂದನ್ನು ಗರ್ಭಕೋಶಕ್ಕೆ ಸೇರಿಸಿದರು, ಎರಡನ್ನು ಫ್ರೀಜ್ ಮಾಡಿದರು.

ನಿಜವಾದ ಕಷ್ಟ ಶುರುವಾದದ್ದು ಆಗ. ರಕ್ತಪರೀಕ್ಷೆಗೆ 12 ದಿನ ಕಾಯಬೇಕು. ಅಷ್ಟೂ ದಿನ ಪ್ರೊಜೆಸ್ಟರಾನ್. ಅದರಿಂದ ಎದೆ ಭಾರ, ಸುಸ್ತು, ವಾಕರಿಕೆ. ಗರ್ಭ ನಿಂತರೂ ಇವೇ ಲಕ್ಷಣ, ನಿಲ್ಲದಿದ್ದರೂ ಇವೇ! ದಿನವಿಡೀ ಲಾಗ್ ಓದಿ ದೋಷ ಹುಡುಕುವ ನನಗೆ ನನ್ನ ಮೈಯನ್ನೇ ಓದೋಕೆ ಬರಲಿಲ್ಲ. ಬೆಳಿಗ್ಗೆ ವಾಕರಿಕೆ ಬಂದರೆ ಖುಷಿ, ಸಂಜೆ ಬರದಿದ್ದರೆ ಬಾತ್‌ರೂಮಿನಲ್ಲಿ ಅಳು.

ಫಲಿತಾಂಶ ನೆಗೆಟಿವ್ ಬಂತು. ಅಮ್ಮನಿಗೆ ಫೋನ್ ಮಾಡಿದೆ. ಯಾಕೆ, ಏನು ಅಂತ ಕೇಳಲಿಲ್ಲ. ‘ರಾತ್ರಿ ಬಸ್ಸಿಗೆ ಬರ್ತೀನಿ ಪುಟ್ಟಿ, ಮೆಣಸಿನ ಸಾರು ಮಾಡ್ಕೊಡ್ತೀನಿ’ ಅಂದಳು. ನಾಲ್ಕು ದಿನ ಇದ್ದು, ತಲೆಗೆ ಎಣ್ಣೆ ಹಚ್ಚಿ, ಸುಮ್ಮನೆ ಪಕ್ಕದಲ್ಲಿ ಮಲಗಿದಳು.

ನಿಮ್ಮಲ್ಲಿ ಯಾರಾದರೂ ಈಗ ಆ 12 ದಿನಗಳಲ್ಲಿದ್ದರೆ ಒಂದೇ ಮಾತು: ಲಕ್ಷಣಗಳನ್ನು ಗೂಗಲ್ ಮಾಡ್ಬೇಡಿ. ಅದು ಔಷಧಿಯ ಕೆಲಸವೂ ಆಗಿರಬಹುದು. ರಕ್ತಪರೀಕ್ಷೆ ಹೇಳುವವರೆಗೆ ಮೈ ಏನನ್ನೂ ಹೇಳುವುದಿಲ್ಲ.

ನಮ್ಮ ಎರಡು ಭ್ರೂಣಗಳು ಇನ್ನೂ ಇವೆ. ಮುಂದಿನದು ಯಾವಾಗ ಅಂತ ತೀರ್ಮಾನಿಸಿಲ್ಲ. ಸ್ವಲ್ಪ ತಿಂಗಳು ಬೇಕು ಅಂತ ಡಾಕ್ಟರಿಗೆ ಹೇಳಿದ್ದೇನೆ. ಈಗ ಸುಸ್ತಾದರೆ ಅದು ಬರೀ ಸುಸ್ತು, ಹಸಿವಾದರೆ ಬರೀ ಹಸಿವು. ಸದ್ಯಕ್ಕೆ ನನಗೆ ಅಷ್ಟು ಸಾಕು.