ದೀಪ ಕುಗ್ಗಿದ ಹೊತ್ತು

ಏಣಿಯ ಮೆಟ್ಟಿಲು ಒದ್ದೆಯಾಗಿದೆ, ಬಿಗಿಯಾಗಿ ಹಿಡಿಯಿರಿ. ಕೆಳಗೆ ನೋಡಿ ಪ್ರಯೋಜನವಿಲ್ಲ. ಅಲ್ಲಿರುವುದು ಕತ್ತಲೆ ಮಾತ್ರ. ಇದು ಬೊಹೀಮಿಯಾದ ಬೆಳ್ಳಿ ಗಣಿಗಳ ಊರು ಕುಟ್ನಾ ಹೋರಾ, 1490ರ ಆಸುಪಾಸು. ಮೇಲೆ, ಬಾವಿಯ ಬಾಯಲ್ಲಿ, ಕುದುರೆಗಳು ರಾಟೆಯನ್ನು ತಿರುಗಿಸುತ್ತ ಸುತ್ತುತ್ತಿವೆ. ನೀವು ಇಳಿದಂತೆಲ್ಲ ಗೊರಸಿನ ಸದ್ದು ತೆಳುವಾಗಿ, ಕೊನೆಗೆ ನಿಮ್ಮ ಎದೆಬಡಿತವೇ ಕೇಳಿಸತೊಡಗುತ್ತದೆ. ರಾಟೆಯ ಹಗ್ಗ ಇರುವುದು ಅದಿರಿಗೆ, ನೀರಿಗೆ. ಮನುಷ್ಯರಿಗೆ ಏಣಿ.

ಮೈಮೇಲೆ ಬಿಳಿಯ ಒರಟು ನಿಲುವಂಗಿ, ತಲೆಗೆ ಅದೇ ಬಟ್ಟೆಯ ಮುಸುಕು. ಕತ್ತಲೆಯಲ್ಲಿ ಬಿಳಿ ಕಾಣಿಸುತ್ತದೆ. ಬಿದ್ದವರನ್ನು ಹುಡುಕುವುದಕ್ಕೂ ಅದೇ ಗುರುತು. ಸೊಂಟದ ಹಿಂದೆ ಕಟ್ಟಿದ ತೊಗಲು ಪ್ರತಿ ಹೆಜ್ಜೆಗೂ ತೊಡೆಗೆ ಬಡಿಯುತ್ತಿದೆ. ಈ ಊರಿನ ಓಸೆಲ್ ಗಣಿ ಸುಮಾರು 500 ಮೀಟರ್ ಆಳಕ್ಕೆ ಇಳಿಯುತ್ತದೆ. ನೀವು ಅಷ್ಟು ದೂರ ಇಳಿಯಬೇಕಿಲ್ಲ. ಆದರೂ ಮೊಣಕಾಲು ಈಗಲೇ ನಡುಗುತ್ತಿದೆ, ಮತ್ತು ಇಳಿದಷ್ಟನ್ನೂ ಏರಲೇಬೇಕೆಂಬುದು ಅದಕ್ಕೆ ಗೊತ್ತಿದೆ.

ಏಣಿ ಮುಗಿಯಿತು. ಇನ್ನು ತೆವಳಿ. ಸುರಂಗ ನಿಮ್ಮ ಭುಜದಷ್ಟೇ ಅಗಲವಿದೆ. ಯಾಕೆಂದರೆ ಬರಿಯ ಬಂಡೆಯನ್ನು ಕಡಿದವನಿಗೆ ಏನೂ ಗಿಟ್ಟುವುದಿಲ್ಲ. ಮುಂದೆ ನಿಮ್ಮ ಜೊತೆಗಾರ ಮಗ್ಗುಲಾಗಿ ಮಲಗಿ ಹೊಡೆಯುತ್ತಿದ್ದಾನೆ. ಎಡಗೈಯಲ್ಲಿ ಹಿಡಿಯಿರುವ ಉಳಿ, ಬಲಗೈಯಲ್ಲಿ ಸುತ್ತಿಗೆ. ಗಟ್ಟಿ ಕಲ್ಲಾದರೆ ದಿನವಿಡೀ ಕಡಿದರೂ ಸುರಂಗ ಮುಂದೆ ಹೋಗುವುದು ಕೆಲವೇ ಸೆಂಟಿಮೀಟರ್. ಕೊಬ್ಬಿನ ದೀಪದ ಕಮಟು ಹೊಗೆ ಗಂಟಲಿಗೆ ಅಂಟುತ್ತದೆ. ಅದರ ನಡುವೆಯೇ ಬೆಳ್ಳುಳ್ಳಿಯ ವಾಸನೆ ಮೂಗಿಗೆ ಬಡಿಯುತ್ತದೆ. ಅಡುಗೆಮನೆಯನ್ನು ನೆನೆಯಬೇಡಿ. ಇಲ್ಲಿನ ಅದಿರಿನಲ್ಲಿ ಪಾಷಾಣವಿದೆ. ಉಳಿ ತಾಗಿದಾಗ ಅದು ಹೀಗೆ ನಾರುತ್ತದೆ.

ಅಗೋ, ದೀಪದ ಬೆಳಕಿಗೆ ಗೋಡೆಯಲ್ಲೊಂದು ಬೂದುಗೆರೆ ಮಿನುಗಿತು. 1300ರಲ್ಲಿ ದೊರೆ ಎರಡನೆಯ ವಾಕ್ಲಾವ್ ಇಟಲಿಯ ಕುಶಲಿಗರನ್ನು ಕರೆಸಿ ಪ್ರಾಗ್ ಗ್ರೋಶೆನ್ ನಾಣ್ಯವನ್ನು ಟಂಕಿಸಿದ್ದು ಇಂಥ ಗೆರೆಗಳನ್ನು ನಂಬಿಯೇ. ನಾಲ್ಕು ಗ್ರಾಂಗೂ ತುಸು ಕಡಿಮೆ ತೂಗುವ ಆ ಬೆಳ್ಳಿ ಮಧ್ಯ ಯುರೋಪಿನ ಸಂತೆಗಳಲ್ಲೆಲ್ಲ ಓಡಾಡಿತು. ಅದೇ ವರ್ಷ ದೊರೆ ಗಣಿಗಳಿಗೊಂದು ಕಾನೂನನ್ನೂ ಬರೆಸಿದ. ಆದರೆ ಕಾನೂನಿನ ಗ್ರಂಥ ಇಷ್ಟು ಕೆಳಗೆ ಇಳಿದು ಬರುವುದಿಲ್ಲ.

ದೀಪದ ಕುಡಿ ಕುಗ್ಗಿತು.

ನೀವು ನೋಡಿದಿರಿ. ಜೊತೆಗಾರನೂ ನೋಡಿದ. ಗಾಳಿ ಸತ್ತಿದೆ, ಹಿಂದೆ ಸರಿಯಬೇಕು. ಆದರೆ ಅದಿರಿನ ಗಡ್ಡೆ ಅರ್ಧ ಬಿಟ್ಟುಕೊಂಡಿದೆ; ಇನ್ನು ನಾಲ್ಕು ಏಟು ಸಾಕು. ಬಿಟ್ಟುಹೋದರೆ ಈ ದಿನದ ದುಡಿಮೆ ಮಣ್ಣು. ಅವನು ನಿಮ್ಮತ್ತ ತಿರುಗುತ್ತಾನೆ. ನೀವು ಬೇಡವೆನ್ನುವುದಿಲ್ಲ. ಏಟು. ಇನ್ನೊಂದು. ನಿಮ್ಮ ಹಣೆಯ ನರ ಸಿಡಿಯುತ್ತಿದೆ, ನಾಲಿಗೆ ದಪ್ಪವಾಗುತ್ತಿದೆ. ಮೂರನೆಯ ಏಟು ಕೇಳಿಸಲೇ ಇಲ್ಲ.

ಸುತ್ತಿಗೆ ನೆಲದಲ್ಲಿದೆ. ಅವನ ಕಾಲು ಅಲುಗುತ್ತಿಲ್ಲ. ದೀಪ ಆರಿತು. ಹಿಡಿಯಿರಿ, ಕಣಕಾಲು ಹಿಡಿಯಿರಿ! ಎಳೆಯಿರಿ. ಮೊಣಕೈ ಹರಿಯಲಿ, ಎಳೆಯಿರಿ. ಉಸಿರು ಬಿಗಿಹಿಡಿಯಿರಿ. ಅದಿರು ತುಂಬಿದ ಚೀಲ ದಾರಿಗೆ ಅಡ್ಡ ಬಂತು. ಒದ್ದು ಅತ್ತ ತಳ್ಳಿ. ಇನ್ನೊಂದು ಮಾರು. ಇನ್ನೊಂದು. ಕೆನ್ನೆಗೆ ತಂಪು ತಾಗಿತು, ಬಾವಿಯ ಗಾಳಿ! ಅವನು ಕೆಮ್ಮುತ್ತಾನೆ. ಅಷ್ಟು ಕರ್ಕಶವಾದ, ಅಷ್ಟು ಇಂಪಾದ ಸದ್ದನ್ನು ನೀವು ಹಿಂದೆಂದೂ ಕೇಳಿಲ್ಲ.

ಈಗ ಅದಿರಿನ ಹಗ್ಗಕ್ಕೆ ಅವನನ್ನು ಕಟ್ಟುತ್ತೀರಿ, ಹಗ್ಗ ಜಗ್ಗಿ ಮೇಲಿನವರಿಗೆ ಸನ್ನೆ ಕೊಡುತ್ತೀರಿ. ಬಿಳಿ ಅಂಗಿ ನಿಧಾನವಾಗಿ ಮೇಲೇರುತ್ತದೆ. ನೀವು ಬರಿಗೈಯಲ್ಲಿ ಏಣಿ ಹಿಡಿಯುತ್ತೀರಿ. ಪ್ರತಿ ಮೆಟ್ಟಿಲಲ್ಲೂ ಒಂದೇ ಪ್ರಶ್ನೆ: ಆಗ ಬೇಡವೆಂದು ಯಾಕೆ ಹೇಳಲಿಲ್ಲ?

ಇಂದು ಪ್ರವಾಸಿಗರು ಇಲ್ಲಿನ ಸಂತ ಬಾರ್ಬರಾ ಚರ್ಚಿನ ಕಮಾನುಗಳ ಕೆಳಗೆ ಕತ್ತೆತ್ತಿ ನಿಲ್ಲುತ್ತಾರೆ. 1388ರಲ್ಲಿ ಆರಂಭವಾದ ಆ ಕಟ್ಟಡಕ್ಕೆ ಗಣಿಯ ಸಂಪತ್ತೇ ಆಸರೆ. ಗ್ರೋಶೆನ್ ಮೇಲೆ ದೊರೆಯ ಹೆಸರಿದೆ. ಆ ಬೆಳ್ಳಿಯ ನಿಜವಾದ ಬೆಲೆ ಕಟ್ಟಿದ್ದು ಮಾತ್ರ ಟಂಕಸಾಲೆಯ ತಕ್ಕಡಿಯಲ್ಲ. ಕುಗ್ಗಿದ ದೀಪದೆದುರು ಇನ್ನು ನಾಲ್ಕು ಏಟು ಹೊಡೆಯಲೋ ಬೇಡವೋ ಎಂದು ತೂಗಿದವರು. ಅವರಲ್ಲಿ ಬಹುಪಾಲು ಜನರ ಹೆಸರು ಎಲ್ಲಿಯೂ ಇಲ್ಲ. ಬೆಳ್ಳಿಯ ಚರಿತ್ರೆಯನ್ನು ಬರೆಯುವವರು ಮೊದಲು ಆ ಹೊತ್ತಿಗೆ ಇಳಿಯಬೇಕು, ದೊರೆಯ ಸರದಿ ಆಮೇಲೆ.